ಆಫೀಸಿನ ಒಡನಾಟಕ್ಕೆ ಸಮಯ: ಬೈಟು ಕಾಫಿಯೋ, ಊಟದ ಮೇಜೋ, ವರ್ಷದ ಔಟಿಂಗೋ?

ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಎಂಬ ನಿಯಮ ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಈಗ ಮಾಮೂಲು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ, ಬನಶಂಕರಿಯಿಂದ ಮಾನ್ಯತಾ ಟೆಕ್ ಪಾರ್ಕಿಗೆ ಅಷ್ಟು ದೂರ ಬಂದ ಮೇಲೂ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ಗಳಲ್ಲೇ ದಿನ ಕಳೆದರೆ ಪಕ್ಕದ ಸಾಲಿನಲ್ಲಿ ಕೂತವರ ಹೆಸರೂ ಗೊತ್ತಾಗುವುದಿಲ್ಲ. ಮುಂದೊಂದು ದಿನ ಬೇರೆ ಟೀಮಿಗೆ ಹೋಗಬೇಕು ಅನ್ನಿಸಿದಾಗ, ಅಥವಾ ಒಂದು ತುರ್ತು ಅನುಮತಿ ಬೇಕಾದಾಗ, ಯಾರನ್ನು ಕೇಳಬೇಕೆಂದು ಹೊಳೆಯುವುದಿಲ್ಲ. ಹರಟೆಗೆ ಸಮಯ ತಾನಾಗಿ ಉಳಿಯುವುದಿಲ್ಲ, ಎತ್ತಿಡಬೇಕು. ದಿನದ ಯಾವ ಭಾಗದಿಂದ ಎತ್ತಿಟ್ಟರೆ ಏನು ಸಿಗುತ್ತದೆ, ಏನು ಕೆಡುತ್ತದೆ ಎಂಬುದರ ಹೋಲಿಕೆ ಇದು.

ಮೊದಲು ನಿಮಗೆ ಬೇಕಾದ್ದು ಯಾವುದು?

ಆಫೀಸಿನ ಒಡನಾಟದಲ್ಲಿ ಎರಡು ಬಗೆ ಇದೆ. ಕಷ್ಟಸುಖ ಹೇಳಿಕೊಳ್ಳಬಹುದಾದ ನಾಲ್ಕಾರು ಜನರ ನಂಟು ಒಂದು. ಬೇರೆ ಬೇರೆ ವಿಭಾಗಗಳಲ್ಲಿ, ಮಹಡಿಗಳಲ್ಲಿ ಹರಡಿರುವ ಮುಖಪರಿಚಯ ಇನ್ನೊಂದು. ಎರಡನ್ನೂ ಒಂದೇ ದಾರಿಯಲ್ಲಿ ಗಳಿಸಲು ಹೋದವರು ಎರಡೂ ಸಿಗದೆ ಬೇಸತ್ತು ಬಿಟ್ಟುಬಿಡುತ್ತಾರೆ.

ಮುಖಪರಿಚಯವನ್ನು ಹಗುರವಾಗಿ ಕಾಣಬೇಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಾಸ್ಟನ್ ಹತ್ತಿರದ ಊರೊಂದರಲ್ಲಿ ಕೆಲಸ ಬದಲಿಸಿದವರನ್ನು ಕೇಳಿ ಪಡೆದ ಲೆಕ್ಕವಿದೆ. ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ ಆ ಸುದ್ದಿ ಆಗಾಗ ಭೇಟಿಯಾಗುವವರಿಂದ ಬಂದಿತ್ತು. ಉಳಿದವರಿಗೆ ಅದನ್ನು ತಲುಪಿಸಿದವರು ಅಪರೂಪಕ್ಕೋ ಯಾವಾಗಲಾದರೊಮ್ಮೆಯೋ ಸಿಗುವವರು. ಕಾರಣ ಸರಳ. ದಿನವೂ ಜೊತೆಗೆ ಊಟ ಮಾಡುವವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಕಡೆ ಓಡಾಡುವವರಿಂದ.

ಆಳದ ನಂಟಿನ ಲೆಕ್ಕವೇ ಬೇರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ, ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಅಧ್ಯಯನ ಮಾಡಿ ಒಂದು ಅಂದಾಜು ಕೊಟ್ಟರು: ಬರಿ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಒಳ್ಳೆಯ ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು. ಇದನ್ನು ಆಫೀಸಿನ ವೇಳಾಪಟ್ಟಿಯ ಮೇಲಿಟ್ಟು ನೋಡಿ. ವಾರದ ಮೂರು ದಿನ 20 ನಿಮಿಷದ ಕಾಫಿ ಎಂದರೆ ವಾರಕ್ಕೊಂದು ಗಂಟೆ, 50 ಗಂಟೆಗೆ ಹೆಚ್ಚುಕಡಿಮೆ ಒಂದು ವರ್ಷ. ಅದೇ ಮೂರು ದಿನ 40 ನಿಮಿಷದ ಊಟ ಜೊತೆಗಾದರೆ 25 ವಾರ. ವರ್ಷಕ್ಕೊಮ್ಮೆ ಎಂಟು ಗಂಟೆಯ ಔಟಿಂಗ್ ಮಾತ್ರ ನೆಚ್ಚಿಕೊಂಡರೆ ಆರು ವರ್ಷ ದಾಟುತ್ತದೆ. ಸ್ನೇಹವನ್ನು ಗಡಿಯಾರ ಹಿಡಿದು ಅಳೆಯಲಾಗದು, ನಿಜ. ಆದರೂ ಸಣ್ಣದು ಪದೇ ಪದೇ ನಡೆದರೆ ದೊಡ್ಡದೊಂದು ಒಮ್ಮೆ ನಡೆಯುವುದಕ್ಕಿಂತ ಎಷ್ಟು ಮುಂದೆ ಹೋಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಹಾಗಾಗಿ ನಮ್ಮ ಮೊದಲ ಮತ ಕಾಫಿಗೂ ಊಟಕ್ಕೂ.

ಕಾಫಿ ವಿರಾಮ

ಇದರ ದೊಡ್ಡ ಗುಣ, ಇದು ಕೆಲಸದ ಹೊತ್ತಿನಲ್ಲೇ ನಡೆಯುತ್ತದೆ. ಮಗುವನ್ನು ಡೇಕೇರ್‌ನಿಂದ ಕರೆತರಬೇಕಾದವರು, ಆರೂವರೆಯ ಬಸ್ಸು ಹಿಡಿಯಬೇಕಾದವರು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಎಲ್ಲರೂ ಬರಬಹುದು. ಮೇಲಧಿಕಾರಿಗಳ ಒಪ್ಪಿಗೆ ಬೇಕಿದ್ದರೆ ಹೇಳಲು ಆಧಾರವೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಲೆಕ್ಸ್ ಪೆಂಟ್‌ಲ್ಯಾಂಡ್ ಅವರ ತಂಡ ಒಂದು ಬ್ಯಾಂಕಿನ ಕಾಲ್ ಸೆಂಟರ್‌ನಲ್ಲಿ, ಒಬ್ಬೊಬ್ಬರಾಗಿ ವಿರಾಮಕ್ಕೆ ಹೋಗುತ್ತಿದ್ದ ನೌಕರರನ್ನು ಟೀಮಿನವರೆಲ್ಲ ಒಂದೇ ಹೊತ್ತಿಗೆ ಹೋಗುವಂತೆ ಮಾಡಿಸಿತು. ಒಂದು ಕರೆ ಮುಗಿಸಲು ಹಿಡಿಯುವ ಸರಾಸರಿ ಸಮಯ ಒಟ್ಟಾರೆ ಶೇ. 8ರಷ್ಟು, ಹಿಂದೆ ಬಿದ್ದಿದ್ದ ಟೀಮುಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಇಳಿಯಿತು.

ಹೊತ್ತು ಗೊತ್ತು ಮಾಡುವಾಗ ಕರೆಗಳ ಗಡಿಯಾರ ನೋಡಿ. ಅಮೆರಿಕದ ಜೊತೆ ಕೆಲಸ ಮಾಡುವ ಟೀಮಿಗೆ ಸಂಜೆ 4 ಗಂಟೆ ಚೆನ್ನ, ಅಲ್ಲಿನವರು ಇನ್ನೂ ಎದ್ದಿರುವುದಿಲ್ಲ. ಲಂಡನ್ ಜೊತೆಗಿನ ಟೀಮಿಗೆ ಅದೇ 4 ಗಂಟೆ ಕೂಡದು. ಅಲ್ಲಿ ಬೇಸಿಗೆಯಲ್ಲಿ 11:30, ಮೀಟಿಂಗ್‌ಗಳ ಸುಗ್ಗಿ. ಅವರಿಗೆ ಬೆಳಿಗ್ಗೆ 11 ಸರಿ. ಕ್ಯಾಲೆಂಡರ್‌ನಲ್ಲಿ 20 ನಿಮಿಷ ಬ್ಲಾಕ್ ಮಾಡಿ, ವಾರವಾರ ಮರುಕಳಿಸುವಂತೆ ಹಾಕಿ, ‘ಬಿಡುವಿಲ್ಲ’ ಎಂದೇ ತೋರಿಸಿ. ಹೆಸರಿಲ್ಲದ ಖಾಲಿ ಜಾಗ ಕಂಡರೆ ಯಾರಾದರೂ ಮೀಟಿಂಗ್ ಇಟ್ಟುಬಿಡುತ್ತಾರೆ. 15 ನಿಮಿಷ ಸಾಲದು, ಲಿಫ್ಟಿಗೂ ಸಾಲಿಗೂ ಐದಾರು ನಿಮಿಷ ಹೋಗುತ್ತದೆ.

ಮೂರರಿಂದ ಐದು ಜನ ಸೂಕ್ತ. ಆರು ಆದರೆ ಮಾತು ಎರಡಾಗಿ ಒಡೆಯುತ್ತದೆ. ಜಾಗದ ಆಯ್ಕೆಯೂ ಸಣ್ಣ ವಿಷಯವಲ್ಲ. ಎಂಜಿನಿಯರ್‌ಗಳ ಮಾತುಕತೆಯನ್ನು ಅಧ್ಯಯನ ಮಾಡಿದ ಎಂಐಟಿಯ ಥಾಮಸ್ ಆಲೆನ್, ಮೇಜುಗಳ ನಡುವಿನ ದೂರ ಸುಮಾರು 50 ಮೀಟರ್ ದಾಟಿದರೆ ವಾರಕ್ಕೊಮ್ಮೆ ಮಾತಾಡುವ ಸಾಧ್ಯತೆಯೇ ಬಹಳ ತಗ್ಗುತ್ತದೆ ಎಂದು 1970ರ ದಶಕದಲ್ಲೇ ತೋರಿಸಿದ್ದರು. ಮಹಡಿ ಬೇರೆಯಾದರೆ ಕೇಳುವುದೇ ಬೇಡ. ಆದ್ದರಿಂದ ಪರಿಚಯ ಹರಡಬೇಕು ಅನ್ನುವವರು ವಾರಕ್ಕೊಂದು ದಿನವಾದರೂ ನಿಮ್ಮ ಮಹಡಿಯ ಪ್ಯಾಂಟ್ರಿ ಬಿಟ್ಟು ಬೇರೆ ಮಹಡಿಯದಕ್ಕೆ ಹೋಗಿ. ಹೊರಗೆ ದರ್ಶಿನಿ ಇದ್ದರೆ ಇನ್ನೂ ಒಳ್ಳೆಯದು: ನಿಂತು ಕುಡಿಯುವ ಮೇಜಿನ ಸುತ್ತ ಹೊಸಬರು ಬಂದು ಸೇರಿಕೊಳ್ಳುವುದು ಸಲೀಸು, ಹೊರಡುವುದೂ ಸಲೀಸು. ದುಡ್ಡಿನ ವಿಷಯದಲ್ಲಿ ವಾರಕ್ಕೊಬ್ಬರ ಸರದಿ ಇಡಿ. ದಿನವೂ ಒಬ್ಬರೇ ಫೋನ್ ತೆಗೆದು ಸ್ಕ್ಯಾನ್ ಮಾಡುತ್ತಿದ್ದರೆ ಅವರಿಗೆ ಹೇಳಲಾಗದ ಕಸಿವಿಸಿ, ಉಳಿದವರಿಗೆ ಋಣದ ಮುಜುಗರ.

ಇನ್ನು ಕೆಡುವ ಬಗೆ. ಮ್ಯಾನೇಜರ್ ಬಂದು ‘ಆ ಟಿಕೆಟ್ ಏನಾಯ್ತು’ ಎಂದು ಕೇಳಿದ ದಿನದಿಂದ ಕಾಫಿ ಸ್ಟೇಟಸ್ ಮೀಟಿಂಗ್ ಆಗುತ್ತದೆ. ನೀವೇ ಮ್ಯಾನೇಜರ್ ಆಗಿದ್ದರೆ ಮೂರರಲ್ಲಿ ಒಂದು ದಿನ ಮಾತ್ರ ಹೋಗಿ, ಹೋದ ದಿನ ಕೆಲಸದ ಮಾತು ನೀವಾಗಿ ತೆಗೆಯಬೇಡಿ. ಎರಡನೆಯದು ಭಾಷೆ. ಐವರಲ್ಲಿ ನಾಲ್ವರು ಕನ್ನಡದವರಾಗಿ ಒಬ್ಬರಿಗೆ ಕನ್ನಡ ಬಾರದಿದ್ದರೆ, ಅಥವಾ ನಾಲ್ವರು ಹಿಂದಿಯವರ ನಡುವೆ ನೀವೊಬ್ಬರೇ ಆಗಿದ್ದರೆ, ಆ ಒಬ್ಬರು ಹದಿನೈದು ದಿನದಲ್ಲಿ ಬರುವುದನ್ನು ನಿಲ್ಲಿಸುತ್ತಾರೆ. ಎಲ್ಲರಿಗೂ ಬರುವ ಭಾಷೆಯಲ್ಲಿ ಮಾತು ನಡೆಸಿ, ಕಲಿಯುವ ಆಸೆ ಇರುವವರಿಗೆ ದಿನಕ್ಕೊಂದು ಕನ್ನಡ ವಾಕ್ಯ ಹೇಳಿಕೊಡಿ. ಆಟೋದವರ ಜೊತೆ ಮಾತಾಡಲು ಬೇಕಾದ ಹತ್ತು ವಾಕ್ಯ ಕಾಫಿ ಹೊತ್ತಿನಲ್ಲಿ ಕಲಿತವರು ಅದನ್ನು ಹೇಳಿಕೊಟ್ಟವರನ್ನು ಮರೆಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಸಿಗರೇಟಿನ ಮೂಲೆ ಆಫೀಸಿನ ನಿಜವಾದ ಸುದ್ದಿಮನೆ ಆಗಿಬಿಟ್ಟಿರುತ್ತದೆ. ಆಗ್ನೇಯ ಏಷ್ಯಾದ ಒಂದು ದೊಡ್ಡ ಬ್ಯಾಂಕಿನ ಬಡ್ತಿಗಳನ್ನು ಪರಿಶೀಲಿಸಿದ ಜೊಯಿ ಕಲನ್ ಮತ್ತು ರಿಕಾರ್ಡೊ ಪೆರೆಜ್-ಟ್ರುಗ್ಲಿಯಾ, ಗಂಡು ಮ್ಯಾನೇಜರ್ ಕೈಕೆಳಗೆ ಬಂದ ಗಂಡಸರು ಹೆಚ್ಚು ಬೇಗ ಮೇಲೇರಿದ್ದನ್ನು ಕಂಡರು. ಇಬ್ಬರೂ ಹತ್ತಿರದಲ್ಲೇ ಕೂತು ಕೆಲಸ ಮಾಡುವ ಕಡೆ ಮಾತ್ರ ಈ ಲಾಭ ಕಾಣಿಸಿತು. ಸಿಗರೇಟು ಸೇದುವ ಮ್ಯಾನೇಜರ್ ಕೈಕೆಳಗೆ ಬಂದ ಸೇದುವ ನೌಕರರಿಗೂ ಇಂಥದೇ ಅನುಕೂಲವಾಗಿತ್ತು. ಅಂದರೆ ವಿರಾಮದ ಮಾತು ಬಡ್ತಿಯವರೆಗೆ ಹೋಗಿ ಮುಟ್ಟುತ್ತದೆ. ಟೀಮಿನ ಹೊಣೆ ಹೊತ್ತವರು ಇದನ್ನು ತಿಳಿದೂ ಸುಮ್ಮನಿರಬಾರದು. ಎಲ್ಲರೂ ಬರಬಹುದಾದ ಕಾಫಿ ಒಂದನ್ನು ತಾವೇ ಶುರುಮಾಡಬೇಕು.

ಊಟದ ಮೇಜು

ಕಾಫಿಗಿಂತ ಇಮ್ಮಡಿ ಸಮಯ ಕೊಡುತ್ತದೆ, ನಂಟು ಬೇಗ ಬೆಳೆಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ತಂಡಗಳ ಕೆಲಸಕ್ಕೆ ಅವರ ಅಧಿಕಾರಿಗಳು ಹೆಚ್ಚು ಅಂಕ ಕೊಟ್ಟಿದ್ದರು. ನಮ್ಮಲ್ಲಿ ಡಬ್ಬಿ ಬಿಚ್ಚಿದರೆ ಮಾತು ತಾನಾಗಿ ಹೊರಡುತ್ತದೆ. ಧಾರವಾಡದವರ ಶೇಂಗಾ ಚಟ್ನಿಪುಡಿ, ಮಂಗಳೂರಿನವರ ಪತ್ರೊಡೆ, ಮಂಡ್ಯದವರ ಬಸ್ಸಾರು ಒಂದೇ ಮೇಜಿನ ಮೇಲೆ ಬಂದರೆ ಪರಿಚಯಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ತೊಡಕು ಸಮಯ ಹೊಂದಿಸುವುದರಲ್ಲಿದೆ. 12:30ಕ್ಕೆ ಹಸಿಯುವವರು, 2ಕ್ಕೆ ಏಳುವವರು ಇಬ್ಬರೂ ಇರುತ್ತಾರೆ. ಫುಡ್ ಕೋರ್ಟಿನಲ್ಲಿ 1ರಿಂದ 1:45ರವರೆಗೆ ಜನ ಕಿಕ್ಕಿರಿಯುತ್ತಾರೆ, ಐವರಿಗೆ ಒಂದೇ ಮೇಜು ಸಿಗುವುದಿಲ್ಲ. 12:40ಕ್ಕೆ ಹೋದರೆ ಮೇಜೂ ಸಿಗುತ್ತದೆ, ಮೈಕ್ರೋವೇವ್ ಸಾಲೂ ಚಿಕ್ಕದು. ನಾಲ್ಕು ಡಬ್ಬಿಯನ್ನು ಎರಡೆರಡು ನಿಮಿಷ ಬಿಸಿ ಮಾಡಿದರೇ ಎಂಟು ನಿಮಿಷ ಆಯಿತು, ಸಾಲು ಬೆಳೆದರೆ ಮೊದಲನೆಯವರು ಉಂಡು ಮುಗಿಸುವ ಹೊತ್ತಿಗೆ ಕೊನೆಯವರು ಬರುತ್ತಾರೆ. ಡಬ್ಬಿ ತರುವವರು ಮತ್ತು ಕೌಂಟರಿನಲ್ಲಿ ಕೊಳ್ಳುವವರು ಸೇರಿದ್ದರೆ, ಕೊಳ್ಳುವವರು ಐದು ನಿಮಿಷ ಮೊದಲು ಹೊರಡುವಂತೆ ಗೊತ್ತು ಮಾಡಿಕೊಳ್ಳಿ.

ಸಸ್ಯಾಹಾರ, ಮಾಂಸಾಹಾರದ ಮಾತನ್ನು ಮೊದಲ ವಾರವೇ ಬಿಚ್ಚಿ ಆಡಿ. ಮೇಜಿನ ಮೇಲೆ ಮೀನು ಬಂದರೆ ಯಾರಿಗಾದರೂ ತೊಂದರೆಯೇ ಎಂದು ನೇರವಾಗಿ ಕೇಳಿದರೆ ದಾರಿ ಸಿಗುತ್ತದೆ. ಕೇಳದೆ ಮುಖ ಸಿಂಡರಿಸಿದರೆ ಮೀನು ತಂದವರು ಮರುದಿನದಿಂದ ಒಬ್ಬರೇ ತಮ್ಮ ಡೆಸ್ಕಿನಲ್ಲಿ ಉಣ್ಣುತ್ತಾರೆ. ಇದರಷ್ಟು ನೋವಿನ ಸಂಗತಿ ಆಫೀಸಿನಲ್ಲಿ ಇನ್ನೊಂದಿಲ್ಲ, ಮತ್ತೆ ಅವರನ್ನು ಕರೆತರುವುದು ಬಹಳ ಕಷ್ಟ. ಉಪವಾಸ, ರಂಜಾನ್, ಶ್ರಾವಣದ ದಿನಗಳಲ್ಲಿ ಬರದವರನ್ನು ಸುಮ್ಮನೆ ಒಂದು ಸುತ್ತು ನಡೆಯಲು ಕರೆಯಿರಿ.

ಊಟದ ಮೇಜಿನ ಮಿತಿಯೂ ಅದರ ಗುಣದಿಂದಲೇ ಹುಟ್ಟಿದ್ದು. ಎರಡು ವರ್ಷ ಅದೇ ಐವರು ಉಂಡರೆ ಅದು ಕುಟುಂಬವಾಗುತ್ತದೆ, ಹೊಸ ಸುದ್ದಿ ಬರುವುದು ನಿಲ್ಲುತ್ತದೆ, ಹೊರಗಿನವರಿಗೆ ಅದು ಮುಚ್ಚಿದ ಬಾಗಿಲಿನಂತೆ ಕಾಣುತ್ತದೆ. ವಾರಕ್ಕೊಂದು ದಿನ ಒಂದು ಕುರ್ಚಿ ಖಾಲಿ ಇಟ್ಟು ಬೇರೆ ವಿಭಾಗದ ಒಬ್ಬರನ್ನು ಕರೆಯುವ ರೂಢಿ ಇದಕ್ಕೆ ಮದ್ದು.

ಚೀಟಿ ಎತ್ತಿ ಜೋಡಿ ಮಾಡುವ ಕಾಫಿ

ಎರಡು ವಾರಕ್ಕೊಮ್ಮೆ ಬೇರೆ ಬೇರೆ ವಿಭಾಗದ ಇಬ್ಬರನ್ನು ಜೋಡಿ ಮಾಡಿ ಅರ್ಧ ಗಂಟೆ ಮಾತಾಡಲು ಬಿಡುವುದು ಈ ದಾರಿ. ಪರಿಚಯ ಹರಡಲು ಇದಕ್ಕಿಂತ ಅಗ್ಗದ, ಖಚಿತವಾದ ಉಪಾಯ ನಮಗೆ ತಿಳಿದಿಲ್ಲ. ವರ್ಷಕ್ಕೆ 20ಕ್ಕೂ ಹೆಚ್ಚು ಹೊಸ ಮುಖ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 61,000ಕ್ಕೂ ಹೆಚ್ಚು ಮೈಕ್ರೋಸಾಫ್ಟ್ ನೌಕರರ ಸಂಪರ್ಕಗಳನ್ನು ನೋಡಿ, ಎಲ್ಲರೂ ಮನೆಯಿಂದ ಕೆಲಸ ಮಾಡಿದಾಗ ತಂತಮ್ಮ ಗುಂಪಿನೊಳಗಿನ ಮಾತು ಬಿಗಿಯಾಯಿತು, ಗುಂಪುಗಳ ನಡುವಿನ ಕೊಂಡಿಗಳು ಸಡಿಲವಾದವು ಎಂದು ಹೇಳಿತು. ಕಳಚಿಕೊಳ್ಳುವ ಆ ಕೊಂಡಿಯನ್ನೇ ಈ ಜೋಡಿ ಕಾಫಿ ಹಿಡಿದು ಕಟ್ಟುತ್ತದೆ.

ಸ್ಲ್ಯಾಕ್ ಎಂಬ ಆಫೀಸಿನ ಚಾಟ್ ಆ್ಯಪ್ ಬಳಸುವ ಕಡೆ ಡೋನಟ್ ಎಂಬ ಆ್ಯಪ್ ಈ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಎಕ್ಸೆಲ್ ಸಾಕು. ಮೊದಲ ಕಾಲಮ್ಮಿನಲ್ಲಿ ಹೆಸರು, ಎರಡನೆಯದರಲ್ಲಿ ವಿಭಾಗ, ಮೂರನೆಯದರಲ್ಲಿ ಮನಬಂದಂತೆ ಸಂಖ್ಯೆ ಕೊಡುವ ರ‍್ಯಾಂಡ್ ಫಂಕ್ಷನ್ ಹಾಕಿ. ಆ ಸಂಖ್ಯೆಗಳನ್ನು ಕಾಪಿ ಮಾಡಿ ಬರಿ ಮೌಲ್ಯಗಳಾಗಿ ಪೇಸ್ಟ್ ಮಾಡಿ. ಇಲ್ಲವಾದರೆ ಹಾಳೆಯಲ್ಲಿ ಏನು ಬದಲಿಸಿದರೂ ಸಂಖ್ಯೆಗಳು ಹೊಸದಾಗಿ ಹುಟ್ಟಿ ಗೊಂದಲವಾಗುತ್ತದೆ. ಬಳಿಕ ಮೂರನೆಯ ಕಾಲಮ್ಮಿನ ಪ್ರಕಾರ ಸಾರ್ಟ್ ಮಾಡಿ, ಮೇಲಿನಿಂದ ಇಬ್ಬಿಬ್ಬರನ್ನು ಜೋಡಿಸುತ್ತ ಬನ್ನಿ. ಇಬ್ಬರೂ ಒಂದೇ ವಿಭಾಗದವರಾದರೆ ಎರಡನೆಯವರನ್ನು ಕೆಳಗಿನವರ ಜೊತೆ ಅದಲು ಬದಲು ಮಾಡಿ. ಬೆಸ ಸಂಖ್ಯೆ ಬಂದರೆ ಕೊನೆಯಲ್ಲಿ ಮೂವರ ಗುಂಪು. ಹಳೆಯ ಜೋಡಿಗಳ ಪಟ್ಟಿ ಇನ್ನೊಂದು ಹಾಳೆಯಲ್ಲಿರಲಿ. 40 ಜನರ ಪಟ್ಟಿಗೆ ಹತ್ತು ಹದಿನೈದು ನಿಮಿಷದ ಕೆಲಸ.

ಇದು ಸಾಮಾನ್ಯವಾಗಿ ನಿಲ್ಲುವುದು ಎರಡು ಕಾರಣಕ್ಕೆ. ಜೋಡಿಯಾದ ಇಬ್ಬರೂ ‘ಅವರೇ ಮೊದಲು ಮೆಸೇಜ್ ಮಾಡಲಿ’ ಎಂದು ಕಾಯುತ್ತಾರೆ. ಪಟ್ಟಿಯಲ್ಲಿ ಮೊದಲು ಹೆಸರಿರುವವರೇ ಕರೆಯಬೇಕು ಎಂದು ನಿಯಮ ಮಾಡಿದರೆ ಇದು ಬಗೆಹರಿಯುತ್ತದೆ. ಇನ್ನೊಂದು, ಸೇರಲೇಬೇಕೆಂದು ಎಚ್‌ಆರ್ ಕಡ್ಡಾಯ ಮಾಡುವುದು. ಒಲ್ಲದವರ ಜೊತೆ ಅರ್ಧ ಗಂಟೆ ಇಬ್ಬರಿಗೂ ಶಿಕ್ಷೆ. ಇಷ್ಟವಿದ್ದವರು ಮಾತ್ರ ಹೆಸರು ಕೊಡಲಿ, ಕೆಲಸದ ಒತ್ತಡವಿದ್ದ ಸುತ್ತಿನಲ್ಲಿ ಬಿಡುವ ಅವಕಾಶವೂ ಇರಲಿ.

ಹಬ್ಬಗಳು

ನಮ್ಮ ಕಡೆಯ ಆಫೀಸುಗಳಿಗೆ ಸಿಕ್ಕಿರುವ ವರ ಇದು. ಆಯುಧಪೂಜೆಗೆ ಸರ್ವರ್ ರೂಮಿನಿಂದ ಸೆಕ್ಯುರಿಟಿ ಮೇಜಿನವರೆಗೆ ಎಲ್ಲ ಕಡೆ ಹೂವು, ಮಂಡಕ್ಕಿ ಹೋಗುತ್ತದೆ. ನವೆಂಬರ್ ಬಂದರೆ ರಾಜ್ಯೋತ್ಸವ. ಆದರೆ ವೇದಿಕೆ, ಭಾಷಣ, ಹಾಡು ಎಂದು ಮಾಡಿದರೆ ಮುನ್ನೂರು ಜನ ಕೂತು ನೋಡಿ ಎದ್ದು ಹೋಗುತ್ತಾರೆ, ಯಾರಿಗೂ ಯಾರೂ ಪರಿಚಯವಾಗುವುದಿಲ್ಲ. ಒಡನಾಟದ ದೃಷ್ಟಿಯಿಂದ ನಮಗೆ ಎಲ್ಲಕ್ಕಿಂತ ಹಿಡಿಸುವುದು ಸಂಕ್ರಾಂತಿ. ಎಳ್ಳುಬೆಲ್ಲ ಹಂಚುವ ಕ್ರಮವೇ ಮನೆಮನೆಗೆ ಹೋಗುವುದು, ಆಫೀಸಿನಲ್ಲಿ ಅದು ಮೇಜಿನಿಂದ ಮೇಜಿಗೆ ಆಗುತ್ತದೆ. ಹೆಸರು ಗೊತ್ತಿಲ್ಲದವರ ಮುಂದೆ ನಿಂತು ಮಾತಾಡಿಸಲು ಇಷ್ಟು ಸಹಜವಾದ ನೆವ ವರ್ಷದಲ್ಲಿ ಇನ್ನೊಮ್ಮೆ ಸಿಗದು. 60 ಜನರಿಗೆ ತಲಾ 30 ಗ್ರಾಂ ಪೊಟ್ಟಣವೆಂದರೆ 2 ಕಿಲೋ ಸಾಕು: ಬೆಲ್ಲ, ಒಣಕೊಬ್ಬರಿ, ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ ತಲಾ 450 ಗ್ರಾಂ, ಬಿಳಿ ಎಳ್ಳು 200 ಗ್ರಾಂ. ಕಡಲೆಕಾಯಿ, ಎಳ್ಳು ಆಗದವರಿಗೆ ಸಕ್ಕರೆ ಅಚ್ಚು, ಕಬ್ಬು ಇಡಿ. ಹಂಚುವಾಗ ಇಬ್ಬರು ಹೋಗಿ, ಹೌಸ್‌ಕೀಪಿಂಗ್‌ನವರನ್ನೂ ಡ್ರೈವರುಗಳನ್ನೂ ಬಿಡಬೇಡಿ. ವರ್ಷಕ್ಕೊಂದೇ ದಿನವಾದ್ದರಿಂದ ಇದು ಬಾಗಿಲು ತೆರೆಯುತ್ತದೆ, ಅಷ್ಟೆ. ಮುಂದಿನ ವಾರ ಅವರಲ್ಲಿ ಇಬ್ಬರನ್ನು ಕಾಫಿಗೆ ಕರೆದರೆ ಅದಕ್ಕೆ ಬೆಲೆ.

ಔಟಿಂಗ್, ಸಂಜೆಯ ಪಾರ್ಟಿ, ಆಟ

ಔಟಿಂಗ್‌ನಲ್ಲಿ ನೆನಪು ಉಳಿಯುತ್ತದೆ, ನಂಟು ಅಷ್ಟಾಗಿ ಬೆಳೆಯುವುದಿಲ್ಲ. ಬಸ್ಸಿನಲ್ಲೂ ಊಟದಲ್ಲೂ ಜನ ತಮ್ಮ ತಮ್ಮವರ ಪಕ್ಕವೇ ಕೂರುತ್ತಾರೆ. ಹೋಗುವುದಾದರೆ ಕೆಲಸದ ದಿನವೇ ಹೋಗಿ, ಭಾನುವಾರ ಕಸಿದುಕೊಳ್ಳಬೇಡಿ. ನಂದಿಬೆಟ್ಟದಂಥ ಸುಮಾರು 60 ಕಿಲೋಮೀಟರ್ ಒಳಗಿನ ಜಾಗವಾದರೆ ಸಂಜೆ ಹೊತ್ತಿಗೆ ಎಲ್ಲರೂ ಮನೆ ಸೇರಬಹುದು. ಗುಂಪು ಮಾಡುವಾಗ ವಿಭಾಗಗಳನ್ನು ಬೆರೆಸಿ. ರೆಸಾರ್ಟ್ ಆಗಲಿ, ಕಂಪನಿಯ ಬಸ್ಸಾಗಲಿ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಅದೂ ಕೆಲಸದ ಸ್ಥಳವೇ ಎಂಬುದು ಆಯೋಜಿಸುವವರಿಗೂ ಹೋಗುವವರಿಗೂ ತಿಳಿದಿರಲಿ.

ಶುಕ್ರವಾರ ಸಂಜೆಯ ಪಾರ್ಟಿ ನಮ್ಮ ಪಟ್ಟಿಯಲ್ಲಿ ಕೊನೆಯದು. ಕುಡಿಯದವರು, ಬೇಗ ಮನೆ ಸೇರಬೇಕಾದವರು, ದೂರದಲ್ಲಿರುವವರು ಒಂದೇ ಏಟಿಗೆ ಹೊರಗುಳಿಯುತ್ತಾರೆ. ಬ್ಯಾಡ್ಮಿಂಟನ್, ಕ್ರಿಕೆಟ್ ಚೆನ್ನಾಗಿಯೇ ನಡೆಯುತ್ತವೆ, ಆಡುವವರಿಗೆ. ಕೋರ್ಟ್ ಬಾಡಿಗೆಯನ್ನು ನಾಲ್ವರು ಹಂಚಿಕೊಂಡರೆ ಹೊರೆಯಾಗದು. ಬೆಳಿಗ್ಗೆ ಆರೂವರೆಯ ಹೊತ್ತು ಸಂಜೆಗಿಂತ ಹೆಚ್ಚು ಬಾಳುತ್ತದೆ, ಏಕೆಂದರೆ ಸಂಜೆಯನ್ನು ರಿಲೀಸ್‌ಗಳೂ ಕರೆಗಳೂ ತಿಂದುಹಾಕುತ್ತವೆ.

ಪ್ರಯಾಣದ ಹೊತ್ತು

ಹೇಗೂ ಕಳೆಯಲೇಬೇಕಾದ ಸಮಯ. ಹೊಸದಾಗಿ ಏನನ್ನೂ ಎತ್ತಿಡಬೇಕಿಲ್ಲ ಎಂಬುದೇ ಇದರ ಬಲ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದ ಮೇಲೆ, ಒಂದೇ ಕಂಪನಿಯವರು ಒಂದೇ ರೈಲಿನಲ್ಲಿ ಸಿಗುವುದು ಹೆಚ್ಚಾಗಿದೆ. ಸಂಜೆ ಇಂಥ ಹೊತ್ತಿಗೆ ಗೇಟಿನಲ್ಲಿ ಸೇರೋಣ ಎಂದರೆ ಸಾಕು. ಕ್ಯಾಬಿನಲ್ಲಿ ಮಾತ್ರ ಎಚ್ಚರ ಬೇಕು: ಬೆಳಿಗ್ಗೆ ನಿದ್ದೆ ಮಾಡುವವರನ್ನು ಬಿಟ್ಟುಬಿಡಿ, ಗ್ರಾಹಕರ ಹೆಸರು, ಸಂಬಳ, ಇನ್ನೊಬ್ಬರ ಮೇಲಿನ ದೂರು ಡ್ರೈವರ್ ಮುಂದೆ ಬೇಡ.

ದೂರದಿಂದ ಕೆಲಸ ಮಾಡುವವರು

ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಲಾಗಿನ್ ಆಗುವವರು ಈ ಎಲ್ಲದರಿಂದ ಹೊರಗಿರುತ್ತಾರೆ. ಮೂವತ್ತು ಜನರ ವಿಡಿಯೋ ಹರಟೆ ಅವರಿಗೆ ನೆರವಾಗದು, ಇಬ್ಬರು ಮಾತಾಡುತ್ತಾರೆ, ಉಳಿದವರು ಮೈಕ್ ಮುಚ್ಚಿ ಬೇರೆ ಕೆಲಸ ಮಾಡುತ್ತಾರೆ. ಮೂವರ 20 ನಿಮಿಷದ ಕರೆ, ಕ್ಯಾಮೆರಾ ಇಲ್ಲದೆ, ನಡೆಯುತ್ತ ಮಾತಾಡುವಂಥದು ಇದಕ್ಕಿಂತ ಎಷ್ಟೋ ಮೇಲು. ಅಮೆರಿಕದಲ್ಲಿರುವ ಸಹೋದ್ಯೋಗಿಗಳೂ ಸೇರುವುದಾದರೆ ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಅಲ್ಲಿನವರ ಕ್ಯಾಲೆಂಡರಿನಿಂದ ಹೋದ ಆಹ್ವಾನವಾದರೆ ಆ ವಾರ ನಿಮ್ಮ ಹೊತ್ತು ಜಾರುತ್ತದೆ, ಮೊದಲೇ ತಿಳಿಸಿ.

ಇವರು ಎರಡು ತಿಂಗಳಿಗೊಮ್ಮೆ ಆಫೀಸಿಗೆ ಬರುವುದಾದರೆ ಆ ದಿನ ಮೀಟಿಂಗ್ ತುಂಬಬೇಡಿ. ಮೀಟಿಂಗ್ ಊರಿನಿಂದಲೂ ಆಗುತ್ತದೆ. ಬಂದ ದಿನ ಎರಡು ಕಾಫಿ, ಒಂದು ಊಟ, ಬೇರೆ ಟೀಮಿನ ಮೂವರ ಭೇಟಿ ಇಷ್ಟನ್ನು ವಾರ ಮೊದಲೇ ಗೊತ್ತು ಮಾಡಿ.

ನಿಮ್ಮ ಸ್ಥಿತಿಗೆ ಯಾವುದು?

ಹೊಸದಾಗಿ ಸೇರಿದವರು ಮೊದಲ ತಿಂಗಳು ಊಟದ ಮೇಜಿಗೆ ಒತ್ತು ಕೊಡಿ, ಎರಡನೆಯ ತಿಂಗಳಿನಿಂದ ಜೋಡಿ ಕಾಫಿಗೆ ಹೆಸರು ಕೊಡಿ. ಕೆಲಸದ ಪರಿಚಯವೇ ಆಗದೆ ಜೋಡಿ ಕಾಫಿಗೆ ಹೋದರೆ ಕೇಳಲು ಪ್ರಶ್ನೆಗಳೇ ಇರುವುದಿಲ್ಲ. ಅದೇ ಟೀಮಿನಲ್ಲಿ ನಾಲ್ಕೈದು ವರ್ಷ ಕಳೆದವರಿಗೆ ತದ್ವಿರುದ್ಧ: ಊಟ ಹಳಬರ ಜೊತೆ ಇದ್ದೇ ಇದೆ, ಹರಡಿಕೊಳ್ಳುವುದಕ್ಕೆ ಜೋಡಿ ಕಾಫಿ, ಬೇರೆ ಮಹಡಿಯ ಪ್ಯಾಂಟ್ರಿ. ಸಂಜೆ ಐದೂವರೆಗೆ ಹೊರಡಲೇಬೇಕಾದವರು ಸಂಜೆಯ ಕಾರ್ಯಕ್ರಮಗಳ ಬಗ್ಗೆ ಅಪರಾಧಿ ಭಾವ ಇಟ್ಟುಕೊಳ್ಳಬೇಡಿ. ಹಗಲಿನ ಎರಡು ಕಾಫಿಯಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಹೆಚ್ಚು ಜನರ ನಡುವೆ ಬಳಲುವ ಸ್ವಭಾವದವರಿಗೆ ಊಟದ ನಂತರ ಒಬ್ಬರ ಜೊತೆ ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ಸಾಕು. ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಪಕ್ಕದಲ್ಲಿ ನಡೆಯುವಾಗ ಮಾತು ನಿಂತರೂ ಕಸಿವಿಸಿ ಇರುವುದಿಲ್ಲ.

ಯಾವುದನ್ನೇ ಆರಿಸಿದರೂ ಎಂಟು ವಾರ ನಡೆಸಿ, ಆಮೇಲೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಈ ಎಂಟು ವಾರದಲ್ಲಿ ಹೆಸರು ಹಿಡಿದು ಕರೆಯಬಲ್ಲ ಹೊಸಬರು ಎಷ್ಟು ಮಂದಿ? ಕೆಲಸವಿಲ್ಲದೆಯೂ ನಿಮ್ಮನ್ನು ಹುಡುಕಿಕೊಂಡು ಬಂದವರು ಯಾರಾದರೂ ಇದ್ದಾರೆಯೇ? ಎರಡಕ್ಕೂ ಉತ್ತರ ಸೊನ್ನೆಯಾದರೆ ಮೊದಲು ಹೊತ್ತು ಬದಲಿಸಿ, ಬಳಿಕ ಜಾಗ, ಆಮೇಲೆ ದಾರಿಯನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಡಕು ಎಲ್ಲಿತ್ತೆಂದು ತಿಳಿಯುವುದಿಲ್ಲ. ಶುರುವಿನ ಎರಡು ವಾರ ಕರೆದರೂ ಯಾರೂ ಬರದೆ ಇರಬಹುದು. ಗುಂಪಿಗೆ ಮೆಸೇಜ್ ಹಾಕಿ ಕಾಯುವ ಬದಲು 3:55ಕ್ಕೆ ಒಬ್ಬರ ಮೇಜಿನ ಹತ್ತಿರ ಹೋಗಿ ‘ಬನ್ನಿ, ಬೈಟು ಕುಡಿಯೋಣ’ ಎಂದು ಕರೆಯಿರಿ.